ಎತ್ತಿಗೆ ಸೋಮವಾರ ಸೂಟಿ ಐತಿ, ನಮಗ?

"ಸುಮ್ನೆ ಕೂತಿದ್ದೆ" ಅನ್ನೋ ಮಾತನ್ನು ಕೊನೇ ಸಲ ಯಾರ ಬಾಯಿಂದ ಕೇಳಿದಿರಿ? ಸ್ವಲ್ಪ ನೆನಪು ಮಾಡಿಕೊಂಡು ನೋಡಿ. ನಮ್ಮ ಐಟಿ ಮಂದಿಯ ಬಾಯಿಂದಂತೂ ನಾನು ಕೇಳಿ ವರ್ಷಗಳೇ ಆದವು. ಶನಿವಾರ ಭಾನುವಾರ ಏನು ಮಾಡಿದೆಯೋ ಅಂತ ಕೇಳಿದರೆ ಒಬ್ಬ ಟ್ರೆಕ್ಕಿಂಗ್ ಹೋಗಿದ್ದೆ ಅಂತಾನೆ, ಇನ್ನೊಬ್ಬ ಆನ್‌ಲೈನ್ ಕೋರ್ಸಿನ ಮೂರು ಪಾಠ ಮುಗಿಸಿದೆ ಅಂತಾನೆ, ಮತ್ತೊಬ್ಬಳು ಹತ್ತು ಕಿಲೋಮೀಟರ್ ಓಡಿದೆ ಅಂತ ಮೊಬೈಲಿನಲ್ಲಿ ನಕ್ಷೆ ತೋರಿಸುತ್ತಾಳೆ. ನಿಜವಾಗಿ ಏನೂ ಮಾಡದೆ ಚಾಪೆ ಮೇಲೆ ಬಿದ್ದುಕೊಂಡಿದ್ದವನು ಮಾತ್ರ ತಲೆ ಕೆರೆದುಕೊಂಡು "ಮನೆ ಕ್ಲೀನಿಂಗ್ ಇತ್ತು" ಅಂತ ಸುಳ್ಳು ಹೇಳುತ್ತಾನೆ. ರಜೆಯ ದಿನಕ್ಕೂ ಒಂದು ಸ್ಟೇಟಸ್ ರಿಪೋರ್ಟು!

ಮಲಗಿದ್ದಕ್ಕೆ ನಾಚಿಕೆ ಪಡುವ ಪ್ರಾಣಿ ಈ ಭೂಮಿ ಮೇಲೆ ಒಂದೇ. ಅದು ನಾವು. ಈ ನಾಚಿಕೆ ಹುಟ್ಟಿನಿಂದ ಬಂದದ್ದಲ್ಲ, ನಮಗೆ ಅಂಟಿಸಿದ್ದು ಅನ್ನೋದು ನನ್ನ ವಾದ. ಯಾರು ಅಂಟಿಸಿದರು, ಹೇಗೆ ಕೀಳಬೇಕು ಅನ್ನೋದಕ್ಕೆ ನಮ್ಮ ಹಾವೇರಿ ಜಿಲ್ಲೆಯ ಎತ್ತುಗಳ ಹತ್ತಿರ ಒಂದು ಉತ್ತರ ಇದೆ. ನಗಬೇಡಿ, ಪೂರ್ತಿ ಓದಿ ಆಮೇಲೆ ನಗಿ :-)

ಉತ್ತರ ಕರ್ನಾಟಕದವರಿಗೆ ಇದು ಹೊಸದಲ್ಲ, ಉಳಿದವರಿಗಾಗಿ ಹೇಳುತ್ತೇನೆ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ರಾಣೇಬೆನ್ನೂರು, ಬ್ಯಾಡಗಿ, ಹಾವೇರಿ ಸುತ್ತಲಿನ ಯಾವ ಹಳ್ಳಿಗೆ ಬೇಕಾದರೂ ಹೋಗಿ ಹಿರಿಯರನ್ನು ಕೇಳಿ. ಸೋಮವಾರ ಶಿವನ ವಾರ, ಎತ್ತು ಶಿವನ ವಾಹನ, ಅದಕ್ಕೇ ಅದನ್ನು ಕರೆಯುವುದೂ ಬಸವಣ್ಣ ಅಂತಲೇ. ಆ ದಿನ ರಂಟೆ ಇಲ್ಲ, ಕುಂಟೆ ಇಲ್ಲ, ಗಾಡಿ ಇಲ್ಲ. ಮೈ ತೊಳೆದು, ಮೇವು ಹಾಕಿ, ನೆರಳಲ್ಲಿ ಕಟ್ಟಿದರೆ ಮುಗಿಯಿತು. ನಾನು ಚಿಕ್ಕವನಿದ್ದಾಗ ಕಾರಣ ಕೇಳಿದರೆ ಅಪ್ಪ ಹೇಳುತ್ತಿದ್ದದ್ದು ಒಂದೇ ಮಾತು: "ಇವತ್ತ ಸೋಮಾರ ಅಲ್ಲೇನೋ, ಬಸವಣ್ಣಗ ಸೂಟಿ." ಅಷ್ಟೇ. ಅದರ ಮುಂದೆ ವಿವರಣೆ ಇಲ್ಲ, ಎತ್ತು ವಾರವಿಡೀ ಚೆನ್ನಾಗಿ ದುಡಿಯಿತು ಅನ್ನೋ ಸರ್ಟಿಫಿಕೇಟೂ ಇಲ್ಲ.

ನಮ್ಮೂರ ಬಾಯಿಮಾತಿನಲ್ಲಿ ಸೋಮವಾರ ಅಂದರೆ 'ಸೋಮಾರ'. ಅದಕ್ಕೊಂದು ಗುಡಿಸು ಹಚ್ಚಿದರೆ 'ಸೋಮಾರಿ'! (ಭಾಷಾಶಾಸ್ತ್ರ ಓದಿದವರು ಕೋಲು ಹಿಡಿದು ಬರಬೇಡಿ, ಎರಡಕ್ಕೂ ನಂಟಿದೆ ಅಂತ ನಾನು ಹೇಳುತ್ತಿಲ್ಲ.) ಆದರೆ ಸೋಮಾರ ಮಲಗಿದ ಎತ್ತನ್ನು ಯಾರೂ ಸೋಮಾರಿ ಅಂದದ್ದನ್ನು ನಾನು ಕೇಳಿಲ್ಲ.

ಈಗ ಒಕ್ಕಲುತನದ ಡೆಡ್‌ಲೈನ್ ಏನು ಅಂತ ಯೋಚನೆ ಮಾಡಿ. ನಮ್ಮ ಕಡೆ ಹೆಚ್ಚಿನದು ಮಳೆ ನಂಬಿದ ಬೇಸಾಯ. ಗೋವಿನಜೋಳ, ಹತ್ತಿ, ಮೆಣಸಿನಕಾಯಿ. ಮಳೆ ಬಿದ್ದ ಮೇಲೆ ನೆಲದಲ್ಲಿ 'ಹದ' ಇರುವುದು ಕೆಲವೇ ದಿನ. ಹದ ತಪ್ಪಿದರೆ ಬೀಜ ಮೊಳೆಯುವುದಿಲ್ಲ, ಮೊಳೆತರೂ ಏಳುವುದಿಲ್ಲ, ವರ್ಷದ ಅನ್ನ ಹೋಯಿತು. ನಮ್ಮ ರಿಲೀಸ್ ಡೇಟನ್ನು ಮುಂದೂಡಬಹುದು, ಮುಂದೂಡಿಯೂ ಮುಂದೂಡುತ್ತೇವೆ. ಹದವನ್ನು ಯಾವ ಮ್ಯಾನೇಜರೂ ಮುಂದೂಡಲಾರ. ಅಂಥ ಹೊತ್ತಿನಲ್ಲೂ ಮಧ್ಯೆ ಸೋಮವಾರ ಬಂದರೆ ಎತ್ತಿನ ಹೆಗಲ ಮೇಲೆ ನೊಗ ಏರುತ್ತಿರಲಿಲ್ಲ. ಕಾರಹುಣ್ಣಿಮೆ ಬರುವುದೂ ಮುಂಗಾರಿನ ಗಡಿಬಿಡಿಯ ದಿನಗಳಲ್ಲೇ. ಆದರೂ ಆವತ್ತು ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಕರಿ ಹರಿಯುತ್ತಾರೆ. ಕೆಲಸ ಇಲ್ಲದ ಕಾಲದಲ್ಲಿ ಕೊಟ್ಟ ರಜೆ ಅಲ್ಲ ಇದು, ಕೆಲಸ ಕುತ್ತಿಗೆಗೆ ಬಂದಾಗ ಕೊಟ್ಟ ರಜೆ.

ಇದು ಬರೀ ಹಳ್ಳಿಯ ನಂಬಿಕೆ ಅನ್ನುವವರಿಗೆ ಕಾಯ್ದೆಯನ್ನೂ ತೋರಿಸುತ್ತೇನೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯಲು 1960ರಲ್ಲಿ ಬಂದ ಕಾಯ್ದೆಯ ಕೆಳಗೆ 1965ರಲ್ಲಿ, ಗಾಡಿ ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳಿಗಾಗಿಯೇ ನಿಯಮಗಳನ್ನು ಮಾಡಿದರು. ಅದರ ಪ್ರಕಾರ ಅವನ್ನು ದಿನಕ್ಕೆ ಒಟ್ಟು 9 ತಾಸಿಗಿಂತ ಹೆಚ್ಚು ದುಡಿಸುವಂತಿಲ್ಲ. ವಿಶ್ರಾಂತಿ ಕೊಡದೆ ಒಂದೇ ಸಮನೆ 5 ತಾಸಿಗಿಂತ ಹೆಚ್ಚು ದುಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸುವಂತೆಯೇ ಇಲ್ಲ.

ಈಗ ಲೆಕ್ಕ ಹಾಕಿ. ಕಾಯ್ದೆಯ ಪ್ರಕಾರ ದಿನಕ್ಕೆ 9 ತಾಸು, ಸಂಪ್ರದಾಯದ ಪ್ರಕಾರ ಸೋಮವಾರ ಬಿಟ್ಟು ವಾರಕ್ಕೆ ಆರು ದಿನ. 54 ತಾಸು. ನಮ್ಮೂರ ಗಾಡಿ ಎತ್ತಿನ ವಾರದ ಗರಿಷ್ಠ ದುಡಿಮೆ ಇಷ್ಟು.

ಈ 54ರ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಇಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದವು. ವಾರಕ್ಕೆ 35-40 ತಾಸು ದುಡಿಯುವವರಿಗೆ ಹೋಲಿಸಿದರೆ, 55 ತಾಸು ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯು ಹೊಡೆಯುವ ಅಪಾಯ ಶೇ. 35 ಹೆಚ್ಚು, ಹೃದ್ರೋಗದಿಂದ ಸಾಯುವ ಅಪಾಯ ಶೇ. 17 ಹೆಚ್ಚು. 2016ರ ಒಂದೇ ವರ್ಷದಲ್ಲಿ ಹೀಗೆ ಅತಿದುಡಿಮೆಯಿಂದ ಸತ್ತವರು ಜಗತ್ತಿನಲ್ಲಿ ಸುಮಾರು 7,45,000 ಮಂದಿ ಅಂತ ಅವರ ಅಂದಾಜು. ಅಪಾಯದ ಗೆರೆ 55. ಎತ್ತಿಗೆ 54. ಯಾರೂ ಕೂತು ಲೆಕ್ಕ ಹಾಕಿ ಮಾಡಿದ್ದಲ್ಲ, ಕಾಕತಾಳೀಯ. ಆದರೂ ಎತ್ತು ಆ ಗೆರೆಯ ಈಚೆ ನಿಂತಿದೆ.

ನಾವು? 2023ರ ಅಕ್ಟೋಬರಿನಲ್ಲಿ ನಾರಾಯಣ ಮೂರ್ತಿಯವರು ಮೋಹನದಾಸ್ ಪೈ ಜೊತೆ ಮಾತಾಡುತ್ತಾ, ದೇಶದ ಯುವಕರು ವಾರಕ್ಕೆ 70 ತಾಸು ದುಡಿಯಬೇಕು ಅಂದರು. ಎರಡನೇ ಮಹಾಯುದ್ಧದ ನಂತರದ ಜಪಾನ್, ಜರ್ಮನಿಯ ಉದಾಹರಣೆ ಕೊಟ್ಟರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್. ಎನ್. ಸುಬ್ರಹ್ಮಣ್ಯನ್ ಅವರ 90 ತಾಸಿನ ಮಾತು ಹೊರಬಂತು. ಭಾನುವಾರ ಮನೆಯಲ್ಲಿ ಕೂತು ಹೆಂಡತಿಯ ಮುಖ ಎಷ್ಟು ಹೊತ್ತು ನೋಡ್ತೀರಿ ಅನ್ನೋ ಅರ್ಥದ ತಮಾಷೆ ಬೇರೆ. ಇವೆರಡರ ನಡುವೆ, 2024ರ ಜುಲೈನಲ್ಲಿ, ಐಟಿ ಕೆಲಸಗಾರರ ದಿನದ ದುಡಿಮೆಯನ್ನು 14 ತಾಸಿನವರೆಗೆ ಎಳೆಯಲು ದಾರಿ ಮಾಡುವ ತಿದ್ದುಪಡಿಯ ಪ್ರಸ್ತಾವ ನಮ್ಮ ಕರ್ನಾಟಕ ಸರ್ಕಾರದ ಮುಂದೆಯೇ ಬಂತು. ಐಟಿ ನೌಕರರ ಸಂಘಟನೆ ಕೆಐಟಿಯು ಬೀದಿಗಿಳಿಯಿತು. ಒತ್ತಡ ಬಂದದ್ದು ಕಂಪನಿಗಳ ಕಡೆಯಿಂದ ಅಂತ ಕಾರ್ಮಿಕ ಸಚಿವರೇ ಹೇಳಿದರು. ಎತ್ತಿಗೆ 9, ಎಂಜಿನಿಯರಿಗೆ 14. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿ ಎತ್ತಿಗಿಂತ ಕಡೆಯಾದೆವಲ್ಲ ಸ್ವಾಮಿ!

ಈ 70-90ರ ದೊಡ್ಡವರನ್ನು ಬೈಯುವುದು ಸುಲಭ, ಎಲ್ಲರೂ ಬೈದಾಗಿದೆ. ನನಗೆ ಅವರಿಗಿಂತ ಹೆಚ್ಚು ಸಿಟ್ಟು ಇರುವುದು ಇನ್ನೊಂದು ಗುಂಪಿನ ಮೇಲೆ. ಇವರು ನಮ್ಮ ಪರ ಮಾತಾಡುವವರ ಹಾಗೆ ಕಾಣುತ್ತಾರೆ. "ಚೆನ್ನಾಗಿ ನಿದ್ದೆ ಮಾಡಿ, ಕೆಲಸದಲ್ಲಿ ಗಮನ ಹೆಚ್ಚುತ್ತದೆ." "ರಜೆ ತಗೊಳ್ಳಿ, ರೀಚಾರ್ಜ್ ಆಗಿ ಬನ್ನಿ." "ದಿನಕ್ಕೆ ಹತ್ತು ನಿಮಿಷ ಧ್ಯಾನ ಮಾಡಿ, ಕಾರ್ಯಕ್ಷಮತೆ ನೋಡಿ." ಎಚ್‌ಆರ್ ಕಳಿಸುವ ಇಂಥ ಮೇಲ್ ನಿಮಗೂ ಬಂದಿರುತ್ತದೆ. ಓದಿದರೆ ಹಿತವಾಗಿರುತ್ತದೆ. ಸ್ವಲ್ಪ ತಿರುಗಿಸಿ ನೋಡಿ: ಮಲಗುವುದಕ್ಕೂ ಇಲ್ಲಿ ಒಂದು ಕಾರಣ ಬೇಕು, ಆ ಕಾರಣವೂ ಕಂಪನಿಯ ಕೆಲಸವೇ ಆಗಿರಬೇಕು.

ಹಸುವಿನ ವಿಷಯಕ್ಕೆ ಬನ್ನಿ. ಒಂದು ಆರೋಗ್ಯವಂತ ಹಸು ದಿನಕ್ಕೆ 10-12 ತಾಸು ಮಲಗಿಕೊಂಡಿರುತ್ತದೆ. ಅದರಲ್ಲಿ ನಿಜವಾದ ನಿದ್ದೆ 4 ತಾಸಿನ ಆಸುಪಾಸು. 7-8 ತಾಸು ಮೆಲುಕು ಹಾಕುತ್ತದೆ, ಬಹುಪಾಲು ಮಲಗಿಕೊಂಡೇ. ಹೈನುಗಾರಿಕೆ ತಜ್ಞರಿಗೆ ಇದು ಚೆನ್ನಾಗಿ ಗೊತ್ತು. ಹಸು ಸಾಕಷ್ಟು ಹೊತ್ತು ಮಲಗದಿದ್ದರೆ ಹಾಲು ಇಳಿಯುತ್ತದೆ, ಕಾಲು ನೋವು ಬರುತ್ತದೆ, ಅದಕ್ಕೇ ಮೆತ್ತನೆ ನೆಲ ಮಾಡಿ, ಮ್ಯಾಟ್ ಹಾಸಿ ಅಂತ ಡೈರಿ ಮಾಡುವವರಿಗೆ ಹೇಳಿಕೊಡುತ್ತಾರೆ. ಡೈರಿ ಇಟ್ಟವನ ಲೆಕ್ಕ ಅದು, ತಪ್ಪೇನಿಲ್ಲ. ಎಚ್‌ಆರ್ ಮೇಲ್ ಕೂಡಾ ಅದೇ ಲೆಕ್ಕ. ನಮ್ಮ ಕೆಳಗೆ ಹಾಸುವ ಮ್ಯಾಟು ಅದು.

ಆದರೆ ಹಾಲು ಹೆಚ್ಚಾಗಲಿ ಅಂತ ಯಾವ ಹಸುವೂ ಮಲಗುವುದಿಲ್ಲ. ಮಲಗಬೇಕು ಅನ್ನಿಸಿತು, ಮಲಗಿತು. ಹಾಲಿನ ಲೆಕ್ಕ ಹಾಲು ಮಾರುವವನದು. ಪ್ರಾಣಿಯಿಂದ ನಾವು ಕಲಿಯಬೇಕಾದ್ದು ಇದೊಂದೇ. ದುಡಿಮೆಗೆ ಸಿಕ್ಕ ಬಹುಮಾನ ಅಲ್ಲ ವಿಶ್ರಾಂತಿ, ಮುಂದಿನ ದುಡಿಮೆಗೆ ಕೊಟ್ಟ ಮುಂಗಡವೂ ಅಲ್ಲ. ಹಸಿವಿನ ಹಾಗೆ, ದಾಹದ ಹಾಗೆ ಅದು. ನೀರು ಕುಡಿಯುವಾಗ ಯಾರಾದರೂ "ಇದರಿಂದ ಕಂಪನಿಗೆ ಏನು ಲಾಭ" ಅಂತ ಕೇಳಿಕೊಳ್ಳುತ್ತಾರೆಯೇ?

'ಮೆಲುಕು' ಅನ್ನೋ ಪದವನ್ನೇ ನೋಡಿ. ಕನ್ನಡದಲ್ಲಿ ನೆನಪುಗಳ ಮೆಲುಕು ಹಾಕುವುದು ಅಂದರೆ ಸುಖದ ಮಾತು. ಇಂಗ್ಲಿಷಿನ ಮನಶ್ಶಾಸ್ತ್ರದಲ್ಲಿ ಇದೇ ಮೆಲುಕಿಗೆ ಸಾಟಿಯಾದ ಪದ ಒಂದು ಕಾಯಿಲೆಯ ಲಕ್ಷಣ. ಆದದ್ದನ್ನೇ ಅಗಿದು ಅಗಿದು ಕೊರಗುವುದಕ್ಕೆ 'ರೂಮಿನೇಷನ್' ಅನ್ನುತ್ತಾರೆ. ಹಸು ಅಗಿದದ್ದು ನುಣ್ಣಗಾಗಿ ಹೊಟ್ಟೆಯ ಮುಂದಿನ ಕೋಣೆಗೆ ಹೋಗುತ್ತದೆ. ರಾತ್ರಿ ಎರಡು ಗಂಟೆಗೆ ನಾವು ಅಗಿಯುವ ಅಪ್ರೈಸಲ್ ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಇರುತ್ತದೆ. ಅಂದರೆ ನಾವು ಮಲಗುವುದನ್ನೂ ಬಿಟ್ಟಿದ್ದೇವೆ, ಕನ್ನಡದ ಮೆಲುಕನ್ನೂ ಬಿಟ್ಟಿದ್ದೇವೆ.

ಹಟ್ಟಿಯ ದನದ ಮಾತಾಯಿತು. "ಸಾಕಿದ ದನಕ್ಕೇನು, ಯಜಮಾನ ಮೇವು ಹಾಕ್ತಾನೆ, ಮಲಗುತ್ತೆ" ಅನ್ನುವವರು ಒಮ್ಮೆ ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೆ ಬನ್ನಿ. 1974ರಲ್ಲಿ ಆದದ್ದು, 119 ಚದರ ಕಿಲೋಮೀಟರ್. ನಾವು ಅವಕ್ಕೆ ಚಿಗರಿ ಅನ್ನುತ್ತೇವೆ. ಗಂಟೆಗೆ 80 ಕಿಲೋಮೀಟರ್ ಹತ್ತಿರದ ವೇಗದಲ್ಲಿ ಓಡಬಲ್ಲ ಪ್ರಾಣಿ ಅದು. ಸುತ್ತ ತೋಳ ಇದೆ, ನಾಯಿ ಇವೆ, ಬೆಳೆ ತಿಂತಾವೆ ಅಂತ ಸಿಟ್ಟಾದ ರೈತರೂ ಇದ್ದಾರೆ. ನಮ್ಮ ಇಎಂಐಗಿಂತ ದೊಡ್ಡ ಅಭದ್ರತೆ. ಅಂಥ ಚಿಗರಿ ಬೆಳಿಗ್ಗೆ, ಸಂಜೆ ಮೇಯುತ್ತದೆ, ಬಿಸಿಲೇರಿದಾಗ ನೆರಳು ನೋಡಿ ಮಲಗಿ ಮೆಲುಕು ಹಾಕುತ್ತದೆ. ಹಿಂಡಿನಲ್ಲಿ ಒಂದೆರಡು ತಲೆ ಎತ್ತಿ ನೋಡುತ್ತಿರುತ್ತವೆ, ಉಳಿದವು ನಿಶ್ಚಿಂತೆ. ತೋಳ ಬಂದರೆ ಜೀವ ಬಿಟ್ಟು ಓಡುತ್ತವೆ. ತೋಳ ಹೋದ ಮೇಲೆ ಮತ್ತೆ ಮೇಯುತ್ತವೆ. ಅಮೆರಿಕದ ವಿಜ್ಞಾನಿ ರಾಬರ್ಟ್ ಸಪೋಲ್ಸ್ಕಿ 1994ರಲ್ಲಿ ಜೀಬ್ರಾಗಳನ್ನು ಮುಂದಿಟ್ಟುಕೊಂಡು ಒಂದು ಪುಸ್ತಕ ಬರೆದದ್ದು ಇದನ್ನೇ ಹೇಳಲು. ಅಪಾಯ ಎದುರಿಗಿದ್ದಾಗ ಮೈ ಬಿಗಿಯುವುದು ಎಲ್ಲ ಪ್ರಾಣಿಗೂ ಇದೆ. ಅಪಾಯ ಹೋದ ಮೇಲೂ, ಬರುವ ಮೊದಲೂ, ಬಿಗಿದುಕೊಂಡೇ ಇರುವುದು ಮನುಷ್ಯನ ವಿಶೇಷ. ಚಿಗರಿಗೆ ತೋಳ ಆಗೊಮ್ಮೆ ಈಗೊಮ್ಮೆ ಬರುತ್ತದೆ. ನಮ್ಮ ತೋಳ ಜೇಬಿನಲ್ಲೇ ಇದೆ, ವೈಬ್ರೇಟ್ ಆಗುತ್ತಿರುತ್ತದೆ.

ಇಷ್ಟು ಹೇಳಿದ ತಕ್ಷಣ ಒಬ್ಬರಾದರೂ ಶರಣರನ್ನು ಎಳೆದು ತರುತ್ತಾರೆ. ಕಾಯಕದ ಮಾತನ್ನು ಚೆಂದದ ಅಕ್ಷರದಲ್ಲಿ ಬರೆಸಿ ರಿಸೆಪ್ಷನ್ ಗೋಡೆಗೆ ತೂಗುಹಾಕಿದ ಆಫೀಸುಗಳನ್ನು ನಾನೂ ನೋಡಿದ್ದೇನೆ. ಕಾಯಕ ಅಂದರೆ ಓವರ್‌ಟೈಮ್ ಅಲ್ಲ ಸ್ವಾಮಿ. ಆಯ್ದಕ್ಕಿ ಮಾರಯ್ಯನ ಕಥೆಯನ್ನು ಪೂರ್ತಿ ಓದಿ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಹೊಗಳಲಿಲ್ಲ. ಇಷ್ಟು ಆಸೆ ನಮಗೇಕೆ, ಹೆಚ್ಚಾದದ್ದನ್ನು ಎಲ್ಲಿಂದ ತಂದೆಯೋ ಅಲ್ಲೇ ಹಾಕಿ ಬಾ ಅಂದಳು. ಹನ್ನೆರಡನೇ ಶತಮಾನದಲ್ಲೇ "ಸಾಕು" ಅನ್ನುವುದು ಕಾಯಕದೊಳಗೆ ಇತ್ತು. ಮಾರಯ್ಯನನ್ನು ಗೋಡೆಗೆ ಹಾಕುವವರು ಲಕ್ಕಮ್ಮನನ್ನೂ ಪಕ್ಕದಲ್ಲಿ ಹಾಕಲಿ.

ಇನ್ನು ಕೆಲವು ಆಕ್ಷೇಪಗಳು ಬಂದೇ ಬರುತ್ತವೆ. ನಾನೇ ಮೊದಲು ಎತ್ತಿಕೊಳ್ಳುತ್ತೇನೆ.

ಹಳ್ಳಿಯನ್ನು ಸ್ವರ್ಗ ಮಾಡಬೇಡಯ್ಯಾ ಅನ್ನಬಹುದು. ಮಾಡುತ್ತಿಲ್ಲ. ವಾರದ ಉಳಿದ ದಿನ ಅದೇ ಎತ್ತಿಗೆ ಬಾರುಕೋಲಿನ ಏಟು ಬೀಳುತ್ತದೆ. ದೀಪಾವಳಿ ಆದ ಮೇಲೆ ನಮ್ಮ ಜಿಲ್ಲೆಯಲ್ಲಿ ನಡೆಯುವ ಹೋರಿ ಹಬ್ಬದಲ್ಲಿ, ಕೊರಳಿಗೆ ಕೊಬ್ಬರಿ ಹಾರ ಕಟ್ಟಿದ ಹೋರಿಗಳು ಜನರ ನಡುವೆ ಪ್ರಾಣ ಒತ್ತೆಯಿಟ್ಟು ಓಡುತ್ತವೆ. ಸೋಮವಾರ ರೈತನೂ ಹೊದ್ದು ಮಲಗುತ್ತಿದ್ದ ಅಂತಲ್ಲ. ಹಗ್ಗ ಹೊಸೆಯುವುದು, ಬದು ಕಟ್ಟುವುದು, ಸಂತೆಗೆ ಹೋಗುವುದು ಇರುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಮಾತು, ಬಸವಣ್ಣನಿಗೆ ಸೂಟಿ ಕೊಟ್ಟ ಮನೆಯಲ್ಲಿ ಅವ್ವನಿಗೆ ಸೂಟಿ ಇರಲಿಲ್ಲ. ಸೋಮವಾರ ಅಂದರೆ ಅವಳಿಗೆ ಸಾರಿಸುವುದು, ಪೂಜೆ, ಹೆಚ್ಚಿನ ಅಡಿಗೆ. ಎತ್ತು ಎಳೆಯುವುದು ಕಣ್ಣಿಗೆ ಕಾಣುತ್ತದೆ, ಅವಳು ಎಳೆಯುವುದು ಕಾಣುವುದಿಲ್ಲ. ಬ್ಯಾಡಗಿಗೆ ಹೋದರೆ ಇನ್ನೂ ವಿಚಿತ್ರ. ಅಲ್ಲಿಯ ಮೆಣಸಿನಕಾಯಿ ಮಾರುಕಟ್ಟೆಯ ದೊಡ್ಡ ವಹಿವಾಟು ಸೋಮವಾರ ಮತ್ತು ಗುರುವಾರ. ಎತ್ತು ನೆರಳಲ್ಲಿ ಮಲಗಿದ ದಿನವೇ ಅಲ್ಲಿ ಹಮಾಲರು ಚೀಲ ಹೊರುತ್ತಾರೆ, ಘಾಟಿನ ನಡುವೆ ಕೂತು ಹೆಣ್ಣುಮಕ್ಕಳು ತೂಕದ ಲೆಕ್ಕದ ಕೂಲಿಗೆ ತೊಟ್ಟು ಬಿಡಿಸುತ್ತಾರೆ. ಕೂಲಿ ತೂಕದ ಮೇಲೆ ಇದ್ದರೆ ಕೂತ ಪ್ರತಿ ನಿಮಿಷಕ್ಕೂ ದುಡ್ಡು ಕಳೆಯುತ್ತದೆ. ಅವರಿಗೆ "ಚಿಗರಿಯಿಂದ ಕಲಿಯಿರಿ" ಅಂತ ಹೇಳುವಷ್ಟು ಸೊಕ್ಕು ನನಗಿಲ್ಲ. ಅವರಿಗೆ ಬೇಕಾದ್ದು ಪಾಠ ಅಲ್ಲ, ರಜೆಯ ದಿನಕ್ಕೂ ಸಿಗುವ ಕೂಲಿ.

ಇನ್ನೊಂದು ಆಕ್ಷೇಪ: ಈ ಪದ್ಧತಿ ಈಗ ಎಲ್ಲಿದೆ? ನಿಜ, ಕಡಿಮೆಯಾಗಿದೆ, ಯಾಕೆಂದರೆ ಎತ್ತೇ ಕಡಿಮೆಯಾಗಿವೆ. ಟ್ರ್ಯಾಕ್ಟರಿಗೆ ಸೋಮವಾರ ಇಲ್ಲ. ನನ್ನ ವಾದದ ಗಂಟು ಇರುವುದು ಇಲ್ಲೇ. ಎತ್ತಿನ ಸೂಟಿ ಬರೀ ಎತ್ತಿನದಾಗಿರಲಿಲ್ಲ. ಎತ್ತು ನಿಂತಾಗ ಅದರ ಹಿಂದೆ ರಂಟೆ ಹಿಡಿದು ನಡೆಯುವವನೂ ನಿಲ್ಲಬೇಕಿತ್ತು. ಎತ್ತಿನ ಹೆಗಲು ಬಾತರೆ ಎಲ್ಲರಿಗೂ ಕಾಣುತ್ತಿತ್ತು, ನೊಗ ಇಳಿಸುತ್ತಿದ್ದರು. ಎತ್ತು ಹೋಗಿ ದಣಿಯದ ಯಂತ್ರ ಬಂದಾಗ, ದಣಿಯುವ ಮನುಷ್ಯನ ಸೋಮವಾರವೂ ಅದರ ಜೊತೆ ಹೋಯಿತು. ಈಗ ರಾತ್ರಿ ಹೆಡ್‌ಲೈಟ್ ಹಾಕಿಕೊಂಡೂ ಹೊಲ ಹೊಡೆಯಬಹುದು. ನಮ್ಮ ಲ್ಯಾಪ್‌ಟಾಪೂ ಅಂಥದ್ದೇ ಟ್ರ್ಯಾಕ್ಟರು. ಅದಕ್ಕೆ ಹೆಗಲಿಲ್ಲ, ಬಾವು ಬರುವುದಿಲ್ಲ. ನಮಗೆ ಬಂದ ಬಾವು ಹೊರಗೆ ಕಾಣುವುದಿಲ್ಲ.

ಹಾಗಾದರೆ ಏನು ಮಾಡೋದು? ಮೊಬೈಲ್ ಆಫ್ ಮಾಡಿ, ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೀರಿ ಅಂತ ನಾನು ಹೇಳಲಾರೆ. ಒಬ್ಬನೇ ಆಫ್ ಮಾಡಿದರೆ ಆಗುವುದು ಏನು? ಚಾಟ್ ಕಿಟಕಿಯಲ್ಲಿ ಪಕ್ಕದವನ ಹೆಸರಿನ ಮುಂದೆ ಹಸಿರು ಚುಕ್ಕಿ ಉರಿಯುತ್ತಿರುತ್ತದೆ. ನನ್ನದು ಬೂದಿ ಬಣ್ಣ. ಪಾಪಪ್ರಜ್ಞೆ ಹುಟ್ಟುವುದು ಆ ಎರಡು ಚುಕ್ಕಿಗಳ ನಡುವೆ, ನನ್ನ ಆತ್ಮದೊಳಗೆ ಅಲ್ಲ. ಅದಕ್ಕೇ ಧ್ಯಾನದ ಆಪಿನಿಂದ ಅದು ಹೋಗುವುದಿಲ್ಲ.

ಸೋಮವಾರದ ಜಾಣತನ ಇದ್ದದ್ದು ಇಲ್ಲೇ. ಊರಿಗೆ ಊರೇ ನೊಗ ಇಳಿಸುತ್ತಿತ್ತು. ನನ್ನ ಎತ್ತು ಮಲಗಿದಾಗ ಪಕ್ಕದ ಹೊಲದವನ ಎತ್ತೂ ಮಲಗಿರುತ್ತಿತ್ತು. ಯಾರೂ ಮುಂದೆ ಹೋಗುತ್ತಿರಲಿಲ್ಲ, ಹಾಗಾಗಿ ಯಾರೂ ಹಿಂದೆ ಬೀಳುತ್ತಿರಲಿಲ್ಲ. ಸೋಮವಾರ ಹೂಡಿದವನನ್ನು ಊರು ಶ್ರಮಜೀವಿ ಅನ್ನುತ್ತಿರಲಿಲ್ಲ, ಮುಖದ ಮೇಲೆ ಉಗಿಯುತ್ತಿತ್ತು. ನಮ್ಮಲ್ಲಿ ಭಾನುವಾರ ಹೂಡಿದವನಿಗೆ ಸ್ಪಾಟ್ ಅವಾರ್ಡ್!

ಪ್ರಾಣಿಗೆ ಅಪರಾಧಭಾವ ಇಲ್ಲದ ವಿಶ್ರಾಂತಿ ಹುಟ್ಟಿನಿಂದ ಬಂದಿದೆ. ನಮ್ಮ ಅಜ್ಜಂದಿರು ಅದನ್ನು ಕಟ್ಟಳೆಯಿಂದ ಕಟ್ಟಿಕೊಂಡಿದ್ದರು. ನಾವು ಕಾನೂನಿನಿಂದ ಕಟ್ಟಿಕೊಳ್ಳಬೇಕು. ಬೇರೆ ದೇಶಗಳು ಶುರು ಮಾಡಿವೆ. ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟಿನಿಂದ, ಕೆಲಸದ ಹೊತ್ತು ಮುಗಿದ ಮೇಲೆ ಆಫೀಸಿನ ಕರೆಗೆ ಉತ್ತರ ಕೊಡದಿರುವ ಹಕ್ಕಿಗೆ ಕಾನೂನಿನ ಬೆಂಬಲ ಇದೆ. ಸರ್ವರ್ ಬಿದ್ದರೆ ಯಾರು ನೋಡೋದು ಅಂತೀರಾ? ಸೋಮವಾರವೂ ಹಾಲು ಕರೆಯುತ್ತಿದ್ದರು, ದನ ಕರು ಹಾಕಿದರೆ ಓಡಿ ಹೋಗುತ್ತಿದ್ದರು. ಹಿಂಡಿನಲ್ಲಿ ಒಂದೆರಡು ಚಿಗರಿ ತಲೆ ಎತ್ತಿ ಕಾಯುತ್ತವೆ ಅಂದೆನಲ್ಲ, ಹಾಗೆ ಸರದಿ ಮಾಡಿ. ಇಡೀ ಹಿಂಡು ಇಪ್ಪತ್ನಾಲ್ಕು ತಾಸು ತಲೆ ಎತ್ತಿಕೊಂಡು ನಿಂತರೆ ತೋಳ ಬರುವ ಮೊದಲೇ ಸಾಯುತ್ತದೆ.

ಕಾನೂನು ಬರುವ ತನಕ ನಮ್ಮ ಕೈಯಲ್ಲಿರುವುದು ಒಂದು ಸಣ್ಣ ಕೆಲಸ. ಸೋಮವಾರ ಬೆಳಿಗ್ಗೆ ಟೀ ಕುಡಿಯುವಾಗ ಯಾರಾದರೂ ವೀಕೆಂಡ್ ಹೇಗಿತ್ತು ಅಂತ ಕೇಳಿದರೆ, ಏನೂ ಮಾಡಿರದಿದ್ದರೆ, ಏನೂ ಮಾಡಲಿಲ್ಲ ಅಂತಲೇ ಹೇಳಿ. ಮುಂದೆ ಕಾರಣ ಸೇರಿಸಬೇಡಿ. ಒಬ್ಬ ಹೇಳಿದರೆ ಇನ್ನೊಬ್ಬನಿಗೆ ಧೈರ್ಯ ಬರುತ್ತದೆ. ಟೀಮಿನಲ್ಲಿ ಭಾನುವಾರ ಮೇಲ್ ಕಳಿಸುವ ಮಹಾಶಯನಿಗೆ ಶಭಾಷ್ ಅನ್ನುವುದನ್ನು ನಿಲ್ಲಿಸಿ. ಸಂಘಟನೆ ಇದ್ದರೆ ಸೇರಿ, ಸೇರಲು ಹೆದರಿಕೆಯಾದರೆ ಸೇರಿದವರನ್ನು ಕನಿಷ್ಠ ಗೇಲಿ ಮಾಡಬೇಡಿ. 2024ರ ಆ ಪ್ರಸ್ತಾವದ ವಿರುದ್ಧ ಬಿಸಿಲಲ್ಲಿ ನಿಂತವರು ಅವರೇ.

ನಿಮ್ಮ ಊರ ಕಡೆ ಎತ್ತಿಗೆ ಯಾವ ವಾರ ಸೂಟಿ? ಹಳೇ ಮೈಸೂರು, ಮಲೆನಾಡು, ಕರಾವಳಿ ಕಡೆಯವರು ದಯವಿಟ್ಟು ಬರೆಯಿರಿ, ನನಗೆ ತಿಳಿದುಕೊಳ್ಳುವ ಆಸೆ ಇದೆ. 70 ತಾಸಿನ ಪಕ್ಷದವರು ಬೈಯುವುದಿದ್ದರೂ ಧಾರಾಳವಾಗಿ ಬೈಯಿರಿ. ಉತ್ತರ ಮಾತ್ರ ತಡವಾಗಿ ಬರುತ್ತದೆ. ಅದಕ್ಕೆ ಕಾರಣ ಕೊಡುವುದಿಲ್ಲ.